ಬಿಚ್ಚೋದು ಹೇಗೆ ಅಂತ ಮೊದಲು ಹೇಳಿ

ಹಗುರ ಪರಮಾಣುಗಳನ್ನು ಕೂಡಿಸಿ ಶಕ್ತಿ ಪಡೆಯುವ ಫ್ಯೂಷನ್ ಪ್ರಯೋಗಕ್ಕೆಂದು ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಯಂತ್ರ ಇಟರ್. ಯೂಟ್ಯೂಬಿನಲ್ಲಿ ಅದರ ಜೋಡಣೆಯ ಅನಿಮೇಷನ್‌ಗಳು ಬೇಕಾದಷ್ಟು ಸಿಗುತ್ತವೆ. ಎಲ್ಲದರಲ್ಲೂ ನಡೆಯೋದು ಒಂದೇ. ಖಾಲಿ ಕಾಂಕ್ರೀಟ್ ಗುಂಡಿಯೊಳಗೆ ಮೊದಲು ಕ್ರಯೋಸ್ಟ್ಯಾಟಿನ, ಅಂದರೆ ಇಡೀ ಯಂತ್ರವನ್ನು ಸುತ್ತುವರಿಯುವ ಸ್ಟೀಲಿನ ಹೊರಕವಚದ, ತಳ ಇಳಿದು ಕೂರುತ್ತದೆ. ಆಮೇಲೆ ಪ್ಲಾಸ್ಮಾವನ್ನು, ಅಂದರೆ ವಿಪರೀತ ಕಾದ ಅನಿಲವನ್ನು, ಹಿಡಿದಿಡುವ ನಿರ್ವಾತದ ಪಾತ್ರೆಯಾದ ವ್ಯಾಕ್ಯೂಮ್ ವೆಸೆಲ್ಲಿನ ಒಂಬತ್ತು ಸೆಕ್ಟರುಗಳು ತಮ್ಮ ತಮ್ಮ ಆಯಸ್ಕಾಂತದ ಕಾಯಿಲ್‌ಗಳನ್ನು ಹೊತ್ತುಕೊಂಡು ಒಂದೊಂದಾಗಿ ಬರುತ್ತವೆ, ನಡುವೆ ಸೆಂಟ್ರಲ್ ಸೊಲೆನಾಯ್ಡ್ ಎಂಬ ಆಯಸ್ಕಾಂತದ ಕಂಬ ನಿಲ್ಲುತ್ತದೆ, ಕೊನೆಗೆ ಮುಚ್ಚಳ ಬೀಳುತ್ತದೆ. ಹಿನ್ನೆಲೆಯಲ್ಲಿ ಗಂಭೀರವಾದ ಸಂಗೀತ. ಯಾವ ತುಂಡೂ ಇನ್ನೊಂದಕ್ಕೆ ತಾಗುವುದಿಲ್ಲ, ಯಾವ ಬೋಲ್ಟೂ ಮೊಂಡಾಟ ಮಾಡುವುದಿಲ್ಲ. "ನೀನು ಅಲ್ಲಿ ಮಾಡೋದಾದರೂ ಏನು?" ಅಂತ ಊರಿನವರು ಕೇಳಿದಾಗ ನಾನೂ ಫೋನಿನಲ್ಲಿ ಇದನ್ನೇ ತೆಗೆದು ತೋರಿಸುತ್ತೇನೆ. ಅವರು ತಲೆದೂಗುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಒಳಗೊಂದು ಕಿರಿಕಿರಿ. ಯಾಕೆಂದರೆ ನನ್ನ ಸಂಬಳ ಬರುವುದು ಈ ವಿಡಿಯೋ ಮುಂದಕ್ಕೆ ಓಡುವುದರಿಂದಲ್ಲ, ಹಿಂದಕ್ಕೆ ಓಡಬಲ್ಲದೇ ಎಂದು ನೋಡುವುದರಿಂದ. ಆ ಹಿಮ್ಮುಖದ ವಿಡಿಯೋವನ್ನು ಯಾರೂ ಸಂಗೀತ ಹಾಕಿ ಬಿಡುಗಡೆ ಮಾಡುವುದಿಲ್ಲ.

ನಮ್ಮ ಟಿವಿ ಚಾನೆಲ್‌ಗಳಂತೂ ಫ್ಯೂಷನ್ ಸುದ್ದಿ ಬಂದಾಗಲೆಲ್ಲ "ಕೃತಕ ಸೂರ್ಯ" ಅಂತ ಕಿತ್ತಳೆ ಬಣ್ಣದ ಚೆಂಡೊಂದನ್ನು ತಿರುಗಿಸುತ್ತಾ ಕೂರುತ್ತವೆ. 15 ಕೋಟಿ ಡಿಗ್ರಿ ಸೆಲ್ಸಿಯಸ್, ಸಮುದ್ರದ ನೀರಿನಿಂದ ಇಂಧನ, ಮುಗಿಯದ ಶಕ್ತಿ. ಸುಳ್ಳೇನಲ್ಲ. ಆದರೆ ಪ್ಲಾಸ್ಮಾ ಭೌತವಿಜ್ಞಾನಿಗಳ ಪಾಲಿಗೆ ಬಿಟ್ಟ ವಿಷಯ ಅದು. ಮೆಕ್ಯಾನಿಕಲ್ ಡಿಸೈನ್ ಎಂಜಿನಿಯರಿನ ಮೇಜಿಗೆ ಸೂರ್ಯ ಬರುವುದಿಲ್ಲ. ಬರುವುದು ಬ್ರಾಕೆಟ್ಟು, ಪೈಪಿನ ಸಪೋರ್ಟು, ಫ್ಲ್ಯಾಂಜು, ಮತ್ತು ಅವುಗಳ ಜೊತೆಗೆ ಅಂಟಿಕೊಂಡು ಬರುವ ಒಂದು ಪ್ರಶ್ನೆ: ಇದನ್ನು ಬಿಚ್ಚೋದು ಹೇಗೆ?

ಕೈ ಹೋಗದ ಜಾಗ

ನಾನು ಈ ಕಡೆ ಬಂದದ್ದು ವಿಮಾನದ ದಾರಿಯಿಂದ. ವಿಟಿಯು ಡಿಗ್ರಿ, ಆಮೇಲೆ ಬೆಂಗಳೂರಿನ ಸರ್ವೀಸಸ್ ಕಂಪನಿಯೊಂದರಲ್ಲಿ ಕ್ಯಾಟಿಯಾ ಎಂಬ ಡಿಸೈನ್ ಸಾಫ್ಟ್‌ವೇರ್ ಮುಂದೆ ಕೂತು ಯುರೋಪಿನ ವಿಮಾನಗಳ ಒಳಗಿನ ಬ್ರಾಕೆಟ್ಟುಗಳನ್ನು ಬಿಡಿಸುವ ಕೆಲಸ. ನನ್ನ ವಾರಿಗೆಯ ಅರ್ಧ ಬ್ಯಾಚು ಅದನ್ನೇ ಮಾಡಿದೆ. ಅಲ್ಲಿ ಒಂದು ಪರೀಕ್ಷೆ ಇತ್ತು. ಮಾಡೆಲ್ಲಿನೊಳಗೆ ಒಂದು ಕೈಯನ್ನೂ ಒಂದು ಸ್ಪ್ಯಾನರನ್ನೂ ಇಟ್ಟು ನೋಡುವುದು. ದೊಡ್ಡ ಹಸ್ತದ ಮನುಷ್ಯನೊಬ್ಬ ಕೈ ತೂರಿಸಿ ಆ ನಟ್ಟನ್ನು ಅರ್ಧ ಸುತ್ತು ತಿರುಗಿಸಬಲ್ಲನೇ? ತಿರುಗಿಸಬಲ್ಲನಾದರೆ ಪಾಸು. ಎಷ್ಟೇ ಕಷ್ಟದ ಮೂಲೆಯಾದರೂ ಕೊನೆಗೆ ಅಲ್ಲೊಬ್ಬ ಮನುಷ್ಯ ಇರುತ್ತಾನೆ, ಅವನಿಗೆ ಬೆರಳ ತುದಿಯಿರುತ್ತದೆ, ಥ್ರೆಡ್ ಸರಿಯಾಗಿ ಹಿಡಿಯಿತೋ ಅಡ್ಡ ಹೋಯಿತೋ ಎನ್ನುವುದು ಆ ಬೆರಳಿಗೆ ತಿಳಿಯುತ್ತದೆ. ಇದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಗಾಳಿ ಇದೆ ಅನ್ನುವುದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ದಕ್ಷಿಣ ಫ್ರಾನ್ಸಿನ ಕಾದರಾಶಿಗೆ ಬಂದ ಮೇಲೆ ಆ ಗಾಳಿಯೂ ಹೋಯಿತು, ಬೆರಳೂ ಹೋಯಿತು. ಹೈಡ್ರೋಜನ್ನಿನ ಭಾರದ ರೂಪಗಳಾದ ಡ್ಯೂಟೀರಿಯಮ್ ಮತ್ತು ಟ್ರಿಟಿಯಮ್ ಕೂಡಿದಾಗ ಹುಟ್ಟುವ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು 14 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನ್ ಹೊತ್ತುಕೊಂಡು ಹೋಗುತ್ತದೆ. ಅದಕ್ಕೆ ವಿದ್ಯುದಂಶ ಇಲ್ಲ, ಆಯಸ್ಕಾಂತಕ್ಕೆ ಅದು ಸೊಪ್ಪು ಹಾಕುವುದಿಲ್ಲ. ನೇರ ಗೋಡೆಗೆ ನುಗ್ಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನಿಕಲ್ ಇರುತ್ತದೆ, ನಿಕಲ್ಲಿನ ಅದಿರಿನ ಜೊತೆ ಒಂದಿಷ್ಟು ಕೋಬಾಲ್ಟ್ ಹೇಗೋ ನುಸುಳಿರುತ್ತದೆ. ಆ ಕೋಬಾಲ್ಟ್ ನ್ಯೂಟ್ರಾನ್ ನುಂಗಿ ಕೋಬಾಲ್ಟ್-60 ಆಗುತ್ತದೆ. ಅದರ ಅರ್ಧಾಯುಷ್ಯ ಐದು ವರ್ಷಕ್ಕೂ ಹೆಚ್ಚು. ಹಾಗಾಗಿ ನಮ್ಮ ಸ್ಟೀಲಿನ ಸರ್ಟಿಫಿಕೇಟಿನಲ್ಲಿ ಮೊದಲು ಕಣ್ಣು ಹೋಗುವುದು ಬಲದ ಅಂಕಿಗಲ್ಲ, ಕೋಬಾಲ್ಟ್ 0.05 ಪ್ರತಿಶತದೊಳಗೆ ಇದೆಯೇ ಎಂಬುದಕ್ಕೆ. ಇಷ್ಟೆಲ್ಲ ಎಚ್ಚರ ವಹಿಸಿದರೂ, ಪೂರ್ಣ ಪ್ರಮಾಣದಲ್ಲಿ ಓಡಿ ನಿಂತ ಯಂತ್ರದ ಹೊಟ್ಟೆಯೊಳಗೆ ವಿಕಿರಣ ಗಂಟೆಗೆ ನೂರಾರು ಗ್ರೇ ಇರುತ್ತದೆ ಎನ್ನುವುದು ಲೆಕ್ಕ. ಮನುಷ್ಯನನ್ನು ಕೊಲ್ಲಲು ಒಟ್ಟು ಐದಾರು ಗ್ರೇ ಸಾಕು. ಕ್ಯಾಮೆರಾಗಳೂ ಅಲ್ಲಿ ಬಹಳ ಕಾಲ ಬಾಳುವುದಿಲ್ಲ.

ಅಂದರೆ ಇವತ್ತು ನಾನು ಕೂರಿಸುವ ಬೋಲ್ಟನ್ನು ಒಬ್ಬ ಫಿಟ್ಟರ್ ಬಂದು ಕೈಯಾರೆ ಬಿಗಿಯಬಹುದು. ಹೊಸ ಯಂತ್ರ, ಶುದ್ಧ ಲೋಹ, ಬೂಟಿನ ಮೇಲೆ ಕವರ್ ಹಾಕಿಕೊಂಡು ಒಳಗೆ ಹೋಗಬಹುದು. ಬಿಚ್ಚುವ ಹೊತ್ತಿಗೆ ಅದೇ ಬೋಲ್ಟಿನ ಹತ್ತಿರ ಯಾರೂ ಸುಳಿಯುವಂತಿಲ್ಲ. ಜೋಡಿಸುವವನಿಗೆ ಕೈಯಿದೆ, ಬಿಚ್ಚುವವನಿಗಿಲ್ಲ. ಎರಡೂ ಒಂದೇ ಕೆಲಸದ ಎರಡು ದಿಕ್ಕು ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ಅವು ಎರಡು ಬೇರೆಯೇ ಕೆಲಸ.

ಲ್ಯಾಪ್‌ಟಾಪಿನ ಪರದೆ, ಮೂರು ಬೋಲ್ಟು

ಇದು ತಲೆಗೆ ಹೋದದ್ದು ನನಗೆ ಓದಿನಿಂದಲ್ಲ. ಇಲ್ಲಿ ಸೇರಿದ ಹೊಸತರಲ್ಲಿ ರಿಮೋಟ್ ಹ್ಯಾಂಡ್ಲಿಂಗ್, ಅಂದರೆ ದೂರದಿಂದಲೇ ರೋಬಾಟಿನಲ್ಲಿ ಕೆಲಸ ಮಾಡಿಸುವ, ತಂಡದ ಒಬ್ಬ ಹಿರಿಯರು ನಮ್ಮಂಥ ಡಿಸೈನರುಗಳನ್ನು ಒಂದು ಕೋಣೆಗೆ ಕರೆದರು. ಇಂಗ್ಲೆಂಡಿನ ಕಲ್ಹ್ಯಾಮ್‌ನಲ್ಲಿ ಜೆಟ್ ಯಂತ್ರದ ಮ್ಯಾಸ್ಕಾಟ್ ಎನ್ನುವ ಎರಡು ಕೈಯ ರೋಬಾಟನ್ನು ವರ್ಷಗಟ್ಟಲೆ ನಡೆಸಿ ಬಂದಿದ್ದ ಮನುಷ್ಯ. ಜೆಟ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: 1983ರಲ್ಲಿ ಶುರುವಾಗಿ 2023ರ ಡಿಸೆಂಬರಿನಲ್ಲಿ ನಿಂತ ಯುರೋಪಿನ ಟೋಕಮಾಕ್ (ಇಟರ್‌ನಂತೆಯೇ ಉಂಗುರದಾಕಾರದ ಫ್ಯೂಷನ್ ಯಂತ್ರ), ಟ್ರಿಟಿಯಮ್ ಬಳಸಿದ ಕೆಲವೇ ಯಂತ್ರಗಳಲ್ಲಿ ಒಂದು. 1997ರ ಟ್ರಿಟಿಯಮ್ ಪ್ರಯೋಗದ ಮರುವರ್ಷ ಅದರ ಡೈವರ್ಟರನ್ನು, ಅಂದರೆ ವೆಸೆಲ್ಲಿನ ತಳದಲ್ಲಿ ಪ್ಲಾಸ್ಮಾದ ಬಿಸಿಯನ್ನೂ ಕಸವನ್ನೂ ಹೊರಗೆಳೆಯುವ ಭಾಗವನ್ನು, ಒಳಗೆ ಯಾರೂ ಕಾಲಿಡದೆ, ಪೂರ್ತಿ ರೋಬಾಟಿನ ಕೈಯಲ್ಲೇ ಬದಲಿಸಿದರು. ಆಮೇಲೆ 2009ರಿಂದ 2011ರವರೆಗೆ ಒಳಗೋಡೆಯ ಕಾರ್ಬನ್ ಹೆಂಚುಗಳನ್ನು ತೆಗೆದು ಬೆರಿಲಿಯಮ್, ಟಂಗ್‌ಸ್ಟನ್ ಹೆಂಚುಗಳನ್ನು ಹಾಕಿದ್ದರಲ್ಲೂ ಬಹುಪಾಲು ಆ ಕೈಗಳದ್ದೇ ಕೆಲಸ. ಮ್ಯಾಸ್ಕಾಟಿನ ವಿಶೇಷ ಏನೆಂದರೆ ಅಲ್ಲಿ ರೋಬಾಟಿಗೆ ಏನಾದರೂ ತಾಗಿದರೆ ಇಲ್ಲಿ ಆಪರೇಟರಿನ ಕೈಗೆ ಒತ್ತಡ ತಿಳಿಯುತ್ತದೆ. ಕಳೆದುಹೋದ ಬೆರಳನ್ನು ತುಸು ಮಟ್ಟಿಗೆ ವಾಪಸು ಕೊಟ್ಟ ಹಾಗೆ.

ಅವರು ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಪೆಟ್ಟಿಗೆಯೊಳಗೆ ಒಂದು ಅಲ್ಯುಮಿನಿಯಂ ತಟ್ಟೆ, ಅದಕ್ಕೆ ಮೂರು ಬೋಲ್ಟು. ಪಕ್ಕದಲ್ಲೊಂದು ಅಗ್ಗದ ವೆಬ್‌ಕ್ಯಾಮು. ಪೆಟ್ಟಿಗೆಯ ಹಿಂಬದಿಯಿಂದ ಉದ್ದ ಹಿಡಿಕೆಯ ಸಾಕೆಟ್ ತೂರಿಸಿ, ಲ್ಯಾಪ್‌ಟಾಪಿನ ಪರದೆ ನೋಡುತ್ತಾ ಮೂರನ್ನೂ ಬಿಚ್ಚಬೇಕು, ತಟ್ಟೆಯನ್ನು ಬೀಳಿಸದೆ ಹೊರಗೆ ತರಬೇಕು. ಇಷ್ಟೇ. ಮೊದಲು ಕೂತ ಇಟಲಿಯ ಹುಡುಗ ನಗುತ್ತಾ ಶುರು ಮಾಡಿದ. ಎರಡು ಬೋಲ್ಟು ಸಲೀಸಾಗಿ ಬಂದವು. ಮೂರನೆಯದು ಬಿಡುವ ಹೊತ್ತಿಗೆ ತಟ್ಟೆ ಒಂದು ಕಡೆ ವಾಲಿತು, ಅದರ ಭಾರವೆಲ್ಲ ಆ ಒಂದೇ ಬೋಲ್ಟಿನ ಮೇಲೆ ಬಿತ್ತು, ಥ್ರೆಡ್ ಕಚ್ಚಿಕೊಂಡಿತು. ಪರದೆಯಲ್ಲಿ ನೋಡಿದರೆ ಬೋಲ್ಟು ನೆಟ್ಟಗೇ ಇದೆ. ಒಂದೇ ಕ್ಯಾಮೆರಾ, ಆಳ ತಿಳಿಯುವುದಿಲ್ಲ. ಅವನು ಇನ್ನಷ್ಟು ಬಲ ಹಾಕಿದ. ಇನ್ನಷ್ಟು ಕಚ್ಚಿತು. ಒಬ್ಬೊಬ್ಬರಾಗಿ ಎಲ್ಲರೂ ಕೂತೆವು, ಎಲ್ಲರದ್ದೂ ಹೆಚ್ಚು ಕಡಿಮೆ ಅದೇ ಕಥೆ. ಹಿರಿಯರು ಬೈಯಲಿಲ್ಲ, ಪಾಠವನ್ನೂ ಮಾಡಲಿಲ್ಲ. ಕಾಫಿ ಕಪ್ಪು ಹಿಡಿದು ಗೋಡೆಗೆ ಒರಗಿ ನಿಂತಿದ್ದರು. "ನಿಮ್ಮ ಡ್ರಾಯಿಂಗಿನಲ್ಲಿ ಬೋಲ್ಟು ಯಾವಾಗಲೂ ನೆಟ್ಟಗಿರುತ್ತದೆ. ನನ್ನ ಕ್ಯಾಮೆರಾದಲ್ಲಿ ಅದು ನೆಟ್ಟಗಿದ್ದದ್ದನ್ನು ನಾನು ನೋಡೇ ಇಲ್ಲ" ಅಂದರು.

ಆಮೇಲೆ ಅವರು ಎರಡನೇ ತಟ್ಟೆ ತೆಗೆದರು. ಅದರಲ್ಲೂ ಮೂರೇ ಬೋಲ್ಟು. ಆದರೆ ತಟ್ಟೆಯ ಹಿಂದೆ ಎರಡು ಗೂಟ, ಗೂಟದ ತುದಿ ಚೂಪು. ಬೋಲ್ಟು ಬಿಚ್ಚಿದರೂ ಭಾರವನ್ನು ಗೂಟಗಳು ಹೊರುತ್ತವೆ. ಬೋಲ್ಟುಗಳು ಪೂರ್ತಿ ಹೊರಗೆ ಬಂದು ಉದುರದಂತೆ ತಟ್ಟೆಯಲ್ಲೇ ಸಿಕ್ಕಿ ನಿಲ್ಲುತ್ತವೆ. ಬೋಲ್ಟಿನ ತಲೆಯ ಸುತ್ತ ಆಲಿಕೆಯಂಥ ಇಳಿಜಾರು, ಸಾಕೆಟ್ ಸ್ವಲ್ಪ ಆಚೀಚೆ ಬಂದರೂ ತಾನೇ ಜಾರಿ ಜಾಗಕ್ಕೆ ಬೀಳುತ್ತದೆ. ಈ ಸಲ ಎಲ್ಲರೂ ಬಿಚ್ಚಿದೆವು. ಭಾರ ಹೊರುವುದು ಒಬ್ಬರ ಕೆಲಸ, ಬಿಗಿ ಹಿಡಿಯುವುದು ಇನ್ನೊಬ್ಬರ ಕೆಲಸ, ದಾರಿ ತೋರಿಸುವುದು ಮೂರನೆಯವರ ಕೆಲಸ. ಎಲ್ಲವನ್ನೂ ಬೋಲ್ಟಿನ ತಲೆಗೇ ಕಟ್ಟಬೇಡಿ ಅನ್ನುವುದಷ್ಟೇ ವಿಷಯ. ಪುಸ್ತಕದಲ್ಲಿ ಇದು ಅರ್ಧ ಪುಟ. ಆ ರಟ್ಟಿನ ಪೆಟ್ಟಿಗೆ ಇಲ್ಲದಿದ್ದರೆ ಆ ಅರ್ಧ ಪುಟವನ್ನು ನಾನು ತಿರುವಿ ಹಾಕಿ ಮುಂದೆ ಹೋಗುತ್ತಿದ್ದೆ.

ನಾಲ್ಕು ಜನ ನಾಲ್ಕು ಕಡೆ ಎಳೆದಾಗ

ಹಾಗಾದರೆ ಎಲ್ಲವನ್ನೂ ಸುಲಭವಾಗಿ ಬಿಚ್ಚುವ ಹಾಗೆ ಮಾಡಿಬಿಡಿ ಅನ್ನಬಹುದು. ಕಷ್ಟ ಇರುವುದು ಅಲ್ಲೇ. ಪ್ಲಾಸ್ಮಾದಲ್ಲಿ ಹರಿಯುವ 15 ಮಿಲಿಯನ್ ಆಂಪಿಯರ್ ಕರೆಂಟು ಒಮ್ಮೊಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತುಹೋಗುತ್ತದೆ. ಡಿಸ್‌ರಪ್ಷನ್ ಅನ್ನುತ್ತಾರೆ. ಆಗ ಸುತ್ತಲಿನ ಪ್ರತಿಯೊಂದು ಲೋಹದ ತುಂಡಿನಲ್ಲೂ ಎಡ್ಡಿ ಕರೆಂಟು ಹುಟ್ಟಿ, ಅಲ್ಲಿರುವ ಆಯಸ್ಕಾಂತ ಕ್ಷೇತ್ರದ ಜೊತೆ ಸೇರಿ, ತುಂಡನ್ನು ತಿರುಚಿ ಕೀಳಲು ನೋಡುತ್ತದೆ. ಲೋಡ್ ಲೆಕ್ಕ ಹಾಕುವವರು ಬಂದು "ಬೋಲ್ಟು ದಪ್ಪ ಮಾಡಿ, ಇನ್ನೂ ಬಿಗಿ ಮಾಡಿ" ಅನ್ನುತ್ತಾರೆ. ಕರೆಂಟು ಸುತ್ತದ ಹಾಗೆ ತುಂಡಿನಲ್ಲಿ ಸೀಳು ಬಿಡಿ ಎಂದೂ ಹೇಳುತ್ತಾರೆ. ನ್ಯೂಟ್ರಾನ್ ಲೆಕ್ಕದವರು ಸೀಳು ಕಂಡ ಕೂಡಲೇ ಮುಖ ಸಿಂಡರಿಸುತ್ತಾರೆ, ಆ ಸೀಳಿನಲ್ಲೇ ನ್ಯೂಟ್ರಾನು ನುಗ್ಗಿ ಹಿಂದಿರುವ ಭಾಗಕ್ಕೆ ಹೊಡೆಯುತ್ತದಲ್ಲ. ವ್ಯಾಕ್ಯೂಮಿನವರಿಗೆ ಬೋಲ್ಟಿನ ಕುರುಡು ರಂಧ್ರ ಕಂಡರಾಗದು. ಥ್ರೆಡ್ಡಿನ ಕೆಳಗೆ ಸಿಕ್ಕಿಬಿದ್ದ ಚೂರು ಗಾಳಿ ದಿನಗಟ್ಟಲೆ ಸೋರುತ್ತಾ ನಿರ್ವಾತವನ್ನು ಕೆಡಿಸುತ್ತದೆ, ಆದ್ದರಿಂದ ಬೋಲ್ಟಿನ ನಡುವೆ ತೂತು ಕೊರೆಯಿರಿ ಅನ್ನುತ್ತಾರೆ. ಎಣ್ಣೆ, ಗ್ರೀಸು ಮುಟ್ಟುವ ಹಾಗೇ ಇಲ್ಲ. ಗ್ರೀಸಿಲ್ಲದ ಸ್ಟೇನ್‌ಲೆಸ್ ಬೋಲ್ಟು ಸ್ಟೇನ್‌ಲೆಸ್ ನಟ್ಟಿನಲ್ಲಿ ಹೇಗೆ ಕಚ್ಚಿಕೊಳ್ಳುತ್ತದೆ ಅಂತ ಪೀಣ್ಯದ ಯಾವ ಫಿಟ್ಟರನ್ನು ಕೇಳಿದರೂ ಹೇಳುತ್ತಾನೆ. ನಿರ್ವಾತದಲ್ಲಿ, 200 ಡಿಗ್ರಿಗೂ ಮೀರಿ ಬೇಯಿಸಿದ ಮೇಲೆ, ಅದು ಇನ್ನೂ ಕೆಟ್ಟದು. ಹಾಗಾಗಿ ಒಂದು ಕಡೆಗೆ ಬೇರೆ ಲೋಹ, ಅಥವಾ ಮೇಲೊಂದು ಲೇಪ. ಆ ಲೇಪ ಅಷ್ಟು ವರ್ಷ ಬಾಳುತ್ತದೆಯೇ ಎನ್ನುವುದಕ್ಕೆ ಮತ್ತೊಂದು ಸುತ್ತು ಪರೀಕ್ಷೆ.

ಬೋಲ್ಟಾದರೂ ಪರವಾಗಿಲ್ಲ. ನೀರಿನ ಪೈಪುಗಳನ್ನು ಬೆಸುಗೆ ಹಾಕಿಯೇ ಕೂಡಿಸಬೇಕು, ಬಿಚ್ಚುವುದೆಂದರೆ ಕತ್ತರಿಸುವುದು, ಮತ್ತೆ ಹಾಕುವುದೆಂದರೆ ಮತ್ತೆ ಬೆಸೆಯುವುದು. ಪ್ರತಿ ಸಲ ಕತ್ತರಿಸಿದಾಗಲೂ ಪೈಪಿನ ಉದ್ದ ಒಂದಿಷ್ಟು ತಿಂದುಹೋಗುತ್ತದೆ, ಅದಕ್ಕೆಂದೇ ಮೊದಲೇ ನೇರ ಉದ್ದ ಉಳಿಸಿಟ್ಟಿರಬೇಕು. ಇದಕ್ಕಿಂತ ದೊಡ್ಡ ತೊಡಕು ಲೋಹದ ಒಳಗೇ ಇದೆ. ನ್ಯೂಟ್ರಾನ್ ಬಡಿತಕ್ಕೆ ಸ್ಟೀಲಿನೊಳಗೆ ಹೀಲಿಯಮ್ ಹುಟ್ಟುತ್ತದೆ. ಎಷ್ಟು? ಹತ್ತು ಲಕ್ಷ ಪರಮಾಣುಗಳಿಗೆ ಒಂದು ಹೀಲಿಯಮ್ ಪರಮಾಣು ಸೇರಿಕೊಂಡರೂ ದಪ್ಪ ಸ್ಟೀಲನ್ನು ಮತ್ತೆ ಬೆಸೆಯುವುದು ಅಪಾಯ ಎಂಬ ಮಿತಿಯನ್ನು ಇಟರ್ ಇಟ್ಟುಕೊಂಡಿದೆ. ಬೆಸುಗೆಯ ಕಾವಿಗೆ ಆ ಹೀಲಿಯಮ್ ಗುಳ್ಳೆಗಳಾಗಿ ಲೋಹದ ಕಣಗಳ ಅಂಚಿಗೆ ಓಡಿ ಅಲ್ಲೇ ಬಿರುಕು ಬಿಡಿಸುತ್ತದೆ. ಕಣ್ಣಿಗೆ ಪೈಪು ಹೊಸದರಂತೆಯೇ ಇರುತ್ತದೆ, ಅಳತೆಯೂ ಸರಿಯಿರುತ್ತದೆ, ಆದರೆ ಬೆಸುಗೆ ಒಲ್ಲೆ ಅನ್ನುತ್ತದೆ. ಈ ಒಂದು ಮಿತಿಯಿಂದಾಗಿ ಯಾವ ಬೆಸುಗೆ ಎಲ್ಲಿರಬೇಕು, ಅದರ ಮುಂದೆ ಎಷ್ಟು ದಪ್ಪದ ಶೀಲ್ಡ್ ಇರಬೇಕು ಎನ್ನುವುದೆಲ್ಲ ತಿರುಗಿಬಿಡುತ್ತದೆ. ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ಚಿಕ್ಕ ಅಂಕಿ ಇದೇ, ಅತ್ಯಂತ ಹೆಚ್ಚು ಸಭೆಗಳನ್ನು ಹುಟ್ಟಿಸಿದ್ದೂ ಇದೇ.

54 ಡೈವರ್ಟರ್ ಕ್ಯಾಸೆಟ್ಟುಗಳು, ಒಂದೊಂದೂ ಸುಮಾರು 10 ಟನ್. ವೆಸೆಲ್ಲಿನ ಒಳಗೋಡೆಗೆ ಹೊದಿಸುವ 440 ಬ್ಲಾಂಕೆಟ್ ಮಾಡ್ಯೂಲ್‌ಗಳು, ದೊಡ್ಡವು ನಾಲ್ಕು ಟನ್ನಿಗೂ ಹೆಚ್ಚು. ಇಷ್ಟನ್ನೂ ಪೋರ್ಟುಗಳ ಮೂಲಕ, ಯಾರೂ ಒಳಗೆ ಹೋಗದೆ ಹೊರತರುವಂತಿರಬೇಕು. ಅನಿಮೇಷನ್ನಿನಲ್ಲಿ ಇವೆಲ್ಲ ಒಂದೇ ಏಟಿಗೆ ಹಾರಿಬಂದು ಅಂಟಿಕೊಳ್ಳುತ್ತವೆ!

ಶಿರಾ ಕಡೆಯ ಬೋರ್‌ವೆಲ್ಲು

ನಮ್ಮ ಊರು ಶಿರಾ ತಾಲ್ಲೂಕಿನದು. ನೀರು ಆಳಕ್ಕೆ ಹೋದಷ್ಟೂ ಮೋಟರನ್ನೂ ಆಳಕ್ಕೆ ಇಳಿಸುತ್ತಾ ಹೋದ ಊರು. ಚಿಕ್ಕವನಿದ್ದಾಗ ಹೊಲದಲ್ಲಿ ಮೋಟ್ರು ಇಳಿಸುವ ದಿನ ಸ್ಕೂಲಿಗೆ ಚಕ್ಕರ್. ಮೂರು ಕಾಲಿನ ಕಂಬ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಇಪ್ಪತ್ತು ಅಡಿಯ ಒಂದೊಂದೇ ಪೈಪನ್ನು ಕ್ಲ್ಯಾಂಪ್ ಹಾಕಿ ಇಳಿಸುತ್ತಾ ಹೋಗುವುದು. ನಮ್ಮ ಕಡೆಯ ಮೆಕ್ಯಾನಿಕ್ ಒಬ್ಬನಿದ್ದ, ಮಹಾ ನಿಧಾನಿ. ಪ್ರತಿ ಕಪ್ಲಿಂಗಿನ ಥ್ರೆಡ್ಡನ್ನೂ ಬ್ರಷ್ಷಿನಲ್ಲಿ ಉಜ್ಜಿ, ಬೆರಳಾಡಿಸಿ, ಸವೆದದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಹಳೇ ಸೈಕಲ್ ಟ್ಯೂಬನ್ನು ಕೊಯ್ದು ಪಟ್ಟಿ ಮಾಡಿಟ್ಟುಕೊಂಡು, ಕೇಬಲ್ಲನ್ನು ಕೆಲವು ಅಡಿಗೊಂದು ಸಲ ಪೈಪಿಗೆ ಬಿಗಿದು ಕಟ್ಟುತ್ತಿದ್ದ. ಹೊತ್ತು ಮುಳುಗುತ್ತಾ ಬಂದಿತ್ತು, ಅಪ್ಪನಿಗೆ ತಾಳ್ಮೆ ಕೆಟ್ಟಿತ್ತು. "ಅದೇನೋ ಅಷ್ಟು ಹತ್ತತ್ರ ಕಟ್ತೀಯ, ಕೇಬಲ್ ಎಲ್ಲಿಗ್ ಹೋಗ್ತೈತೆ, ಬೇಗ ಬೇಗ ಇಳ್ಸೋ" ಅಂದರು. ಅವನು ತಲೆಯೆತ್ತದೆಯೇ ಹೇಳಿದ: "ಇಳ್ಸೋದು ಯಾವನ್ ಬೇಕಾದ್ರೂ ಇಳಿಸ್ತಾನೆ ಗೌಡ್ರೆ. ನಾಳೆ ಎತ್ತೋವಾಗ ಈ ಕೇಬಲ್ಲು ಸಡ್ಲಾಗಿ ಸುತ್ಕಂಡು ಕೇಸಿಂಗಿಗೆ ಕಚ್ಕಂಡ್ರೆ, ಮೋಟ್ರೂ ಹೋಯ್ತು, ಬೋರೂ ಹೋಯ್ತು." ಅಪ್ಪ ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತರು.

ಪಕ್ಕದ ಹೊಲದವರ ಬೋರಿನಲ್ಲಿ ಹಾಗೆ ಸಿಕ್ಕಿಕೊಂಡ ಮೋಟರಿತ್ತು. ಅದು ಈಗಲೂ ಅಲ್ಲೇ ಇದೆ. ರಿಮೋಟ್ ಹ್ಯಾಂಡ್ಲಿಂಗ್ ಎಂದರೇನು ಅಂತ ಊರಲ್ಲಿ ಕೇಳಿದರೆ ನಾನು ಈ ಬೋರಿನ ಉದಾಹರಣೆ ಕೊಡುತ್ತೇನೆ, ಒಂದೇ ಸಲಕ್ಕೆ ಅರ್ಥವಾಗುತ್ತದೆ. ಬೆಂಗಳೂರಿನ ಐಟಿ ಗೆಳೆಯರಿಗಿಂತ ಬೇಗ ಅರ್ಥವಾಗುತ್ತದೆ.

ಎಂದೂ ಹೊರಬರಬಾರದ್ದು

ಎಲ್ಲವನ್ನೂ ಬಿಚ್ಚುವಂತೆ ಮಾಡಬೇಕಾಗಿಲ್ಲ ಅನ್ನುವುದನ್ನೂ ಹೇಳಬೇಕು. ಇಟರ್ ವೆಸೆಲ್ಲಿಗೆ ಎರಡು ಗೋಡೆ. ಅವೆರಡರ ನಡುವೆ ನೀರು ಹರಿಯುತ್ತದೆ, ಆ ನೀರಿನೊಳಗೆ ಸ್ಟೀಲಿನ ದಿಮ್ಮಿಗಳು ಕೂತಿವೆ. ಬಹುಪಾಲು ಬೋರಾನ್ ಬೆರೆಸಿದ ಸ್ಟೀಲು, ನ್ಯೂಟ್ರಾನನ್ನು ಹಿಡಿಯಲು. ಕೆಲವು ಕಡೆ ಆಯಸ್ಕಾಂತಕ್ಕೆ ಅಂಟುವ 430 ದರ್ಜೆಯ ಸ್ಟೀಲು, ಕಾಯಿಲ್‌ಗಳ ನಡುವಿನ ಕ್ಷೇತ್ರದ ಏರಿಳಿತವನ್ನು ತಗ್ಗಿಸಲು. ಇನ್-ವಾಲ್ ಶೀಲ್ಡಿಂಗ್ ಎನ್ನುವ ಈ ಸುಮಾರು 9,000 ದಿಮ್ಮಿಗಳು ಭಾರತದ ಪಾಲಿನ ಕೆಲಸ. ಗಾಂಧಿನಗರದ ಇಟರ್-ಇಂಡಿಯಾ ಹೊಣೆಯಲ್ಲಿ, ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್‌ನಲ್ಲಿ ತಯಾರಾಗಿ, ಸೆಕ್ಟರುಗಳನ್ನು ಮಾಡುತ್ತಿದ್ದ ಕೊರಿಯಾಕ್ಕೂ ಇಟಲಿಗೂ ಹೋದವು. ನಾನು ಆ ಕೆಲಸದಲ್ಲಿ ಇರಲಿಲ್ಲ. ಆದರೆ ಇಲ್ಲಿ ಯಾರಾದರೂ ಸೆಕ್ಟರಿನ ಅಡ್ಡಸೀಳಿಕೆಯ ಚಿತ್ರ ಹಾಕಿದಾಗ ಆ ದಿಮ್ಮಿಗಳ ಕಡೆ ನನ್ನ ಕಣ್ಣು ತಂತಾನೇ ಹೋಗುತ್ತದೆ.

ಅಲ್ಲಿನ ಕಷ್ಟ ನನ್ನ ಕಷ್ಟದ ತದ್ವಿರುದ್ಧ. ಹೊರಗೋಡೆ ಮುಚ್ಚಿ ಬೆಸೆದ ಮೇಲೆ ಆ ದಿಮ್ಮಿಗಳನ್ನು ಯಾರೂ, ಯಾವ ರೋಬಾಟೂ, ಎಂದೂ ಮುಟ್ಟುವುದಿಲ್ಲ. ಒಂದೊಂದು ದಿಮ್ಮಿಯೂ ಹಲವು ತಟ್ಟೆಗಳನ್ನು ಬೋಲ್ಟು ಹಾಕಿ ಕಟ್ಟಿದ್ದು. ಬಿಸಿ, ತಂಪು, ಹರಿಯುವ ನೀರು, ಡಿಸ್‌ರಪ್ಷನ್ನಿನ ಜಗ್ಗಾಟ, ಇವೆಲ್ಲದರ ನಡುವೆ ಯಂತ್ರದ ಆಯುಷ್ಯ ಪೂರ್ತಿ ಒಂದು ಬೋಲ್ಟೂ ಸಡಿಲವಾಗಬಾರದು. ಮೇಲೆ ಬಿಚ್ಚಲೇಬೇಕಾದ ಬೋಲ್ಟು, ಅದರ ಬೆನ್ನ ಹಿಂದೆಯೇ ಎಂದೂ ಬಿಚ್ಚಿಕೊಳ್ಳಬಾರದ ಬೋಲ್ಟು. ಗುಜರಾತಿನ ಹಜೀರಾದಲ್ಲಿ ಎಲ್ ಆಂಡ್ ಟಿ ತಯಾರಿಸಿದ, 29 ಮೀಟರ್ ಎತ್ತರ 29 ಮೀಟರ್ ಅಗಲದ, 3,850 ಟನ್ನಿನ ಕ್ರಯೋಸ್ಟ್ಯಾಟ್ ಕೂಡ ಇದೇ ಜಾತಿಯದು. ಕೂತ ಮೇಲೆ ಕೂತಿತು. ಭಾರತಕ್ಕೆ ಬಂದ ಪಾಲಿನಲ್ಲಿ ಹೀಗೆ ಅಲುಗದ ವಸ್ತುಗಳೇ ದೊಡ್ಡವು ಎನ್ನುವುದು ಕಾಕತಾಳೀಯ ಇರಬಹುದು. ನನಗಂತೂ ಅವುಗಳನ್ನು ಮಾಡಿದವರ ಮೇಲೆ ಸಣ್ಣ ಹೊಟ್ಟೆಕಿಚ್ಚಿದೆ.

ಗುಂಡಿಯಿಂದ ವಾಪಸು ಬಂದ ಸೆಕ್ಟರು

2022ರ ಮೇ ತಿಂಗಳಲ್ಲಿ ಮೊದಲ ಸೆಕ್ಟರ್ ಮಾಡ್ಯೂಲನ್ನು ಗುಂಡಿಗೆ ಇಳಿಸಿದರು. ವೆಸೆಲ್ಲಿನ ಒಂದು ತುಂಡು, ಎರಡು ಕಾಯಿಲ್, ಅವುಗಳ ನಡುವೆ ಬಿಸಿ ದಾಟದಂತೆ ತಡೆಯುವ ಬೆಳ್ಳಿ ಲೇಪದ ಥರ್ಮಲ್ ಶೀಲ್ಡು, ಎಲ್ಲ ಸೇರಿ 1,300 ಟನ್ನಿಗೂ ಹೆಚ್ಚು. ಅದೇ ವಾರ ಇಟರ್‌ನ ಮುಖ್ಯಸ್ಥ ಬರ್ನಾರ್ ಬಿಗೋ ತೀರಿಕೊಂಡರು. ಆ ವರ್ಷ ಮುಗಿಯುವುದರೊಳಗೆ ಎರಡು ದೋಷಗಳು ಬಹಿರಂಗವಾದವು. ಸೆಕ್ಟರುಗಳನ್ನು ಒಂದಕ್ಕೊಂದು ಬೆಸೆಯಬೇಕಾದ ಅಂಚುಗಳ ಅಳತೆ ತಪ್ಪಿತ್ತು. ಥರ್ಮಲ್ ಶೀಲ್ಡಿಗೆ ಬೆಸೆದಿದ್ದ ತಂಪಿನ ಕೊಳವೆಗಳಲ್ಲಿ, ಬೆಸುಗೆಯ ಸಂದಿನಲ್ಲಿ ಉಳಿದ ಕ್ಲೋರಿನ್ ಅಂಶದಿಂದ ತುಕ್ಕಿನ ಬಿರುಕು ಬಂದಿತ್ತು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಕೊಳವೆ ಬದಲಿಸಬೇಕು ಎಂದಾಯಿತು. 2023ರ ಜುಲೈನಲ್ಲಿ ಆ ಮಾಡ್ಯೂಲನ್ನು ಮತ್ತೆ ಗುಂಡಿಯಿಂದ ಎತ್ತಿ ಹೊರಗಿಟ್ಟು, ಬಿಚ್ಚಿ, ರಿಪೇರಿಗೆ ಹಾಕಿದರು. ದುರಸ್ತಿಯಾದ ಮಾಡ್ಯೂಲ್‌ಗಳು ಗುಂಡಿಗೆ ಇಳಿದದ್ದು 2025ರಲ್ಲಿ. 2024ರಲ್ಲಿ ಪ್ರಕಟವಾದ ಹೊಸ ವೇಳಾಪಟ್ಟಿಯ ಪ್ರಕಾರ ಪ್ರಯೋಗಗಳ ಆರಂಭ 2034ಕ್ಕೆ, ಟ್ರಿಟಿಯಮ್ 2039ಕ್ಕೆ.

ಪತ್ರಿಕೆಗಳು ಇದನ್ನು ಅವಮಾನ ಅಂತ ಬರೆದವು. ತಡವಾದದ್ದು ನಿಜ, ಖರ್ಚೂ ನಿಜ, ಅದನ್ನು ಸಮರ್ಥಿಸಿಕೊಳ್ಳುವ ಉಮೇದು ನನಗಿಲ್ಲ. ಆದರೆ ಎತ್ತುವ ಕೆಲಸವನ್ನು ನಾವು ಕೆಲವರು ಬೇರೆ ರೀತಿ ನೋಡಿದೆವು. ಈ ಯಂತ್ರದ ಇತಿಹಾಸದಲ್ಲಿ ಇಷ್ಟು ದೊಡ್ಡದೊಂದು ತುಂಡು ಹೋದ ದಾರಿಯಲ್ಲೇ ಹಿಂದಕ್ಕೆ ಬಂದದ್ದು ಅದೇ ಮೊದಲು. ಅಕ್ಕಪಕ್ಕದ ಸೆಕ್ಟರುಗಳು ಇನ್ನೂ ಬಂದಿರಲಿಲ್ಲ, ಬೆಸುಗೆ ಬಿದ್ದಿರಲಿಲ್ಲ, ವಿಕಿರಣ ಇರಲಿಲ್ಲ, ಮನುಷ್ಯರು ಸುತ್ತ ನಿಂತು ಕೈ ಹಾಕಬಹುದಿತ್ತು. ಇಷ್ಟೂ ಅನುಕೂಲ ಇದ್ದಾಗ ಹಿಂದಕ್ಕೆ ಬರಲು ಇಷ್ಟು ಕಾಲ ಹಿಡಿಯಿತು. ಒಂಬತ್ತೂ ಸೆಕ್ಟರು ಬೆಸೆದ ಮೇಲೆ ಇದೇ ದೋಷ ಗೊತ್ತಾಗಿದ್ದರೆ? ಆ ವಾರ ನಮ್ಮ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ.

ಹೊಸ ಖಾಸಗಿ ಫ್ಯೂಷನ್ ಕಂಪನಿಗಳ ಹುಡುಗರು ಇಟರ್ ಅಂದರೆ ಮುಖ ತಿರುಗಿಸುತ್ತಾರೆ. ಇರಲಿ. ಆ ಕಡೆಯ ಒಂದು ಯೋಚನೆ ಮಾತ್ರ ನನಗೆ ಬಹಳ ಹಿಡಿಸಿದೆ. 2015ರಲ್ಲಿ ಎಂಐಟಿಯವರು ಪ್ರಕಟಿಸಿದ ಆರ್ಕ್ ಎಂಬ ವಿನ್ಯಾಸದಲ್ಲಿ ದೊಡ್ಡ ಕಾಯಿಲ್‌ಗಳನ್ನೇ ಕೀಲು ಬಿಚ್ಚುವ ಹಾಗೆ ಮಾಡಿದ್ದರು. ಕಾಯಿಲ್ಲಿನ ಮೇಲ್ಭಾಗ ತೆಗೆದು ಪಕ್ಕಕ್ಕಿಟ್ಟು, ವೆಸೆಲ್ಲನ್ನು ಇಡಿಯಾಗಿ ಮೇಲಕ್ಕೆ ಎತ್ತಿ, ಹೊಸದನ್ನು ಇಳಿಸಿಬಿಡುವುದು. ಕಾಯಿಲ್ಲಿನ ಸೂಪರ್‌ಕಂಡಕ್ಟರಿನಲ್ಲಿ, ಅಂದರೆ ತಡೆಯಿಲ್ಲದೆ ಕರೆಂಟು ಹರಿಸುವ ತಂತಿಯಲ್ಲಿ, ಕೀಲು ಇಟ್ಟರೆ ಆ ಕೀಲಿನಲ್ಲಿ ಬಿಸಿ ಹುಟ್ಟುತ್ತದೆ. ಹೊಸ ಜಾತಿಯ ಸೂಪರ್‌ಕಂಡಕ್ಟರು ಹೆಚ್ಚು ತಾಪಮಾನದಲ್ಲಿ ಕೆಲಸ ಮಾಡುವುದರಿಂದ ಅಷ್ಟು ಬಿಸಿಯನ್ನು ತಾಳಿಕೊಳ್ಳಬಹುದು ಎನ್ನುವುದು ಅವರ ಲೆಕ್ಕ. ಕೆಲಸ ಮಾಡುತ್ತದೋ ಇಲ್ಲವೋ, ಕಟ್ಟಿ ನೋಡಬೇಕು. ಆದರೆ ಬಿಚ್ಚುವುದನ್ನು ಕೊನೆಯ ಅಧ್ಯಾಯಕ್ಕೆ ತಳ್ಳದೆ ಮೊದಲ ಸಾಲಿನಲ್ಲೇ ಬರೆದುಕೊಂಡು ಕೂತವರು ಬಿಡಿಸಿದ ಚಿತ್ರ ಅದು, ನೋಡಿದ ಕೂಡಲೇ ಗೊತ್ತಾಗುತ್ತದೆ.

ಯಾರು ಬಿಚ್ಚುತ್ತಾರೋ ಅವರಿಗೆ

2039ರ ಹೊತ್ತಿಗೆ ನಾನು ಕೆಲಸದಲ್ಲಿದ್ದರೂ ಬಾಗಿಲ ಬಳಿ ಇರುತ್ತೇನೆ. ನನ್ನ ಸಪೋರ್ಟುಗಳನ್ನು ಮೊದಲ ಸಲ ರೋಬಾಟಿನಲ್ಲಿ ಬಿಚ್ಚುವವರು ನನಗೆ ಫೋನ್ ಮಾಡಿ ಕೇಳುವಂತಿರುವುದಿಲ್ಲ. ಅವರ ಕೈಗೆ ಸಿಗುವುದು ನನ್ನ ಮಾಡೆಲ್ಲು ಮತ್ತು ಡ್ರಾಯಿಂಗಿನ ಮೂಲೆಯಲ್ಲಿ ನಾನು ಬರೆದ ನಾಲ್ಕು ಸಾಲು. ಮಾಡೆಲ್ಲಾದರೂ ತೆರೆದುಕೊಳ್ಳುತ್ತದೆಯೇ? ಕ್ಯಾಟಿಯಾ ವಿ5 ಈ ಹೊತ್ತಿಗೇ ಹಳೆಯದಾಗಿದೆ. ಜೆಟ್ ಯಂತ್ರವನ್ನು ಎಪ್ಪತ್ತರ ದಶಕದಲ್ಲಿ ಬಿಡಿಸಿದ್ದು ಕಾಗದದ ಮೇಲೆ, ಈಗ ಅದನ್ನು ಕಳಚುತ್ತಿರುವವರಿಗೆ ಕಾಗದವನ್ನು ಓದಲು ಸಾಫ್ಟ್‌ವೇರ್ ಬೇಡ. ಹಾಗಾಗಿ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ತಂಡದಲ್ಲಿ ಕೆಲವರು ಇದನ್ನು ನೋಡಿ ನಗುತ್ತಾರೆ. ಡ್ರಾಯಿಂಗಿನ ಟಿಪ್ಪಣಿಯಲ್ಲಿ ಜೋಡಿಸುವ ಕ್ರಮದ ಕೆಳಗೆ ಬಿಚ್ಚುವ ಕ್ರಮವನ್ನೂ ಬರೆಯುತ್ತೇನೆ, ಮತ್ತು ಬೋಲ್ಟು ಬರದಿದ್ದರೆ ಎಲ್ಲಿ ಕತ್ತರಿಸಬಹುದು ಎನ್ನುವುದಕ್ಕೆ ಒಂದು ಗೆರೆ ಎಳೆದಿಡುತ್ತೇನೆ. ಇಲ್ಲಿ ಕತ್ತರಿಸಿ, ಇದರ ಹಿಂದೆ ನೀರಿಲ್ಲ. ಅಷ್ಟೇ.

ಸದ್ಯಕ್ಕೆ ಜಗಳ ನಡೆಯುತ್ತಿರುವುದು ಎರಡು ರಂಧ್ರಗಳ ಮೇಲೆ. ಡೈವರ್ಟರ್ ಪಕ್ಕದ ಒಂದು ಪೈಪ್ ಸಪೋರ್ಟಿನ ಬುಡದಲ್ಲಿ ಎರಡು ಎಂ12 ಥ್ರೆಡ್ ರಂಧ್ರ ಬೇಕು ಅಂತ ನಾನು ಕೇಳಿದ್ದೇನೆ. ಬೋಲ್ಟುಗಳು ಬಂದ ಮೇಲೂ ಸಪೋರ್ಟು ಜಾಗದಲ್ಲೇ ಅಂಟಿಕೊಂಡು ಕೂತರೆ, ಆ ರಂಧ್ರಗಳಿಗೆ ಸ್ಕ್ರೂ ತಿರುಗಿಸಿ ಅದನ್ನು ಮೇಲಕ್ಕೆ ತಳ್ಳಲು. ಮಾಮೂಲಿ ಕಾಲದಲ್ಲಿ ಅವಕ್ಕೆ ಯಾವ ಕೆಲಸವೂ ಇಲ್ಲ. ಸ್ಟ್ರೆಸ್ ಲೆಕ್ಕದವರು ಬುಡದ ಮೂಲೆಯಲ್ಲಿ ಒತ್ತಡ ಏರುತ್ತದೆ ಅಂದಿದ್ದಾರೆ. ನ್ಯೂಟ್ರಾನಿನವರು ಎರಡು ಸಣ್ಣ ತೂತಿಗೆ ಆಕ್ಷೇಪವಿಲ್ಲ ಎಂದು ಅಪರೂಪಕ್ಕೆ ನನ್ನ ಕಡೆ ನಿಂತಿದ್ದಾರೆ. ರಂಧ್ರ ಆರಪಾರ ಇರುವುದರಿಂದ ವ್ಯಾಕ್ಯೂಮಿನವರ ತಕರಾರೂ ಇಲ್ಲ. ಪ್ರಾಜೆಕ್ಟ್ ಮ್ಯಾನೇಜರಿಗೆ ಮಾತ್ರ ಇದು ಎಂದೂ ಬಳಕೆಯಾಗದ ವಸ್ತುವಿಗೆ ಹಾಕುವ ಮಷೀನಿಂಗ್ ಖರ್ಚು. ಗುರುವಾರ ಮತ್ತೆ ಸಭೆ. ಮೂಲೆಯಿಂದ ರಂಧ್ರವನ್ನು ಆರು ಮಿಲಿಮೀಟರ್ ಒಳಕ್ಕೆ ತಂದು ಹೊಸ ಲೆಕ್ಕ ಹಾಕಿಸಿದ್ದೇನೆ, ಒತ್ತಡ ಮಿತಿಯೊಳಗೆ ಬಂದಿದೆ.